ಮುಳ್ಳು ಅಲುಗದ ಜಾಗ: ನೆಲದಡಿಯ ಕೇಬಲ್, ಕೊಳವೆ ಪತ್ತೆಯ ಕುರಿತು ಎರಡು ಅವಧಿಯ ಪಾಠ

ತರಗತಿ: 10. ವಿಷಯ: ವಿಜ್ಞಾನ. ಘಟಕ: ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು. ಅವಧಿ: 40 ನಿಮಿಷಗಳ 2 ಅವಧಿ. ಶಾಲೆ: ವಿಜಯನಗರದ ಒಂದು ಪ್ರೌಢಶಾಲೆ.

ಬೋಧನಾಭ್ಯಾಸಕ್ಕೆ ನಾವು ಹೋದ ಮೊದಲ ವಾರವೇ ಶಾಲೆಯ ಮುಂದಿನ ರಸ್ತೆಯನ್ನು ಅಗೆದಿದ್ದರು. ಮಕ್ಕಳು ಹಲಗೆಯ ಮೇಲೆ ಕಾಲಿಟ್ಟು ಗುಂಡಿ ದಾಟಿ ಬರುತ್ತಿದ್ದರು. ಆ ವಾರ ಎರಡು ಸಲ ಕರೆಂಟ್ ಹೋಯಿತು. ಒಂದು ದಿನ ಶಾಲೆಯ ಸಂಪಿಗೆ ನೀರು ಬರಲಿಲ್ಲ. ಕಾರಣ ಕೇಳಿದರೆ ಇಡೀ ತರಗತಿ ಒಂದೇ ಉತ್ತರ ಕೊಟ್ಟಿತು: "ಜೆಸಿಬಿ ಪೈಪ್ ಒಡೆದುಬಿಟ್ಟಿದೆ ಮಿಸ್."

ಪಠ್ಯಪುಸ್ತಕದ ಈ ಘಟಕ ಶುರುವಾಗುವುದು ತಂತಿಯ ಬಳಿ ಇಟ್ಟ ದಿಕ್ಸೂಚಿಯ ಮುಳ್ಳು ಸರಿಯುವ ಪ್ರಯೋಗದಿಂದ. 1820ರಲ್ಲಿ ಡೆನ್ಮಾರ್ಕಿನ ಆರ್‌ಸ್ಟೆಡ್ ಕಂಡದ್ದು ಅದನ್ನೇ. ಕಾಣದ ತಂತಿಯನ್ನು ಮುಳ್ಳು ತೋರಿಸಿಕೊಡುತ್ತದೆ ಎಂದಾದರೆ, ಪಾಠವನ್ನು ಹೊರಗಿನ ಗುಂಡಿಗೆ ಜೋಡಿಸಬಹುದಲ್ಲ ಎನಿಸಿತು. ಪಾಠಯೋಜನೆ ಬರೆದೆ, ಮಾರ್ಗದರ್ಶಕ ಅಧ್ಯಾಪಕರು ಸಹಿ ಹಾಕಿದರು. ಮೊದಲ ಅವಧಿ ನನ್ನ ಲೆಕ್ಕದಲ್ಲಿ ಬಹಳ ಚೆನ್ನಾಗಿ ನಡೆಯಿತು. ಎಲ್ಲಿ ತಪ್ಪಿತು, ಎರಡನೇ ಅವಧಿಯಲ್ಲಿ ಏನು ಬದಲಿಸಿದೆ ಎಂಬುದನ್ನು ಇದೇ ಘಟಕ ತೆಗೆದುಕೊಳ್ಳಲಿರುವ ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ.

ಪೂರ್ವಸಿದ್ಧತೆ: ನಮ್ಮ ಕಾಲಡಿಯಲ್ಲಿ ಏನೇನಿದೆ

ಪಶ್ಚಿಮ ಬೆಂಗಳೂರಿನ ನೆಲದ ಕೆಳಗೆ ಇರುವುದು ಒಂದು ಕಾಲದ ಕೆಲಸವಲ್ಲ. ನಗರಕ್ಕೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರದ ನೀರು 1933ರಿಂದ. ರಾಜಾಜಿನಗರ ಬೆಳೆಯತೊಡಗಿದ್ದು ಸ್ವಾತಂತ್ರ್ಯ ಬಂದ ಹೊಸತರಲ್ಲಿ. ಕಾವೇರಿಯ ಮೊದಲ ಹಂತದ ನೀರು 1974ರಲ್ಲಿ. ಆಮೇಲೆ ಟೆಲಿಫೋನ್ ಕೇಬಲ್, ಒಳಚರಂಡಿ, 11 ಕಿಲೊವೋಲ್ಟ್ ವಿದ್ಯುತ್ ಕೇಬಲ್, ಆಪ್ಟಿಕಲ್ ಫೈಬರ್, ಈಚೆಗೆ ಅಡುಗೆ ಅನಿಲದ ಕೊಳವೆ. ಮೈಸೂರು ರಸ್ತೆಯಿಂದ ಕೆಂಗೇರಿವರೆಗೆ ಮೆಟ್ರೊ ಓಡತೊಡಗಿದ್ದು 2021ರ ಆಗಸ್ಟ್ ಕೊನೆಯಲ್ಲಿ. ಆ ಕಂಬಗಳಿಗೆ ಪಾಯ ತೋಡುವ ಮುನ್ನ ದಾರಿಯಲ್ಲಿ ಸಿಕ್ಕ ಕೊಳವೆ, ಕೇಬಲ್‌ಗಳನ್ನು ಪಕ್ಕಕ್ಕೆ ಸರಿಸಬೇಕಾಯಿತು. ಒಂದೊಂದನ್ನು ಒಂದೊಂದು ಸಂಸ್ಥೆ ಒಂದೊಂದು ಕಾಲದಲ್ಲಿ ಹೂಳಿದೆ. ಹಳೆಯದು ಕಬ್ಬಿಣ, ಹೊಸದು ಪ್ಲಾಸ್ಟಿಕ್. ಇದನ್ನೆಲ್ಲ ನಾನು ಒಂದು ಚಾರ್ಟಿನಲ್ಲಿ ಪದರಪದರವಾಗಿ ಬರೆದುಕೊಂಡು ಹೋಗಿದ್ದೆ. ಚಾರ್ಟ್ ಅಂದವಾಗಿತ್ತು. ಆದರೆ ಮಕ್ಕಳಿಗೆ ಅದಕ್ಕಿಂತ ಹೊರಗಿನ ಗುಂಡಿಯೇ ಒಳ್ಳೆಯ ಚಾರ್ಟ್ ಎಂಬುದು ನನಗೆ ಮೊದಲು ಹೊಳೆಯಲಿಲ್ಲ.

ಮೊದಲ ಅವಧಿ

ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಣ ಮರಳು ತುಂಬಿ, ಒಂದು ಬೆರಳಗಲ ಕೆಳಗೆ ತಂತಿ ಹೂತೆ. ಎರಡು ದೊಡ್ಡ ಟಾರ್ಚ್ ಸೆಲ್, ಪ್ರವಾಹ ಮಿತಿಯಲ್ಲಿರಲೆಂದು ಸುಮಾರು 2 ಓಮ್ ರೋಧ, ಒಂದು ಸ್ವಿಚ್. ತಂತಿಯಲ್ಲಿ 1 ಆಂಪಿಯರ್‌ಗಿಂತ ತುಸು ಹೆಚ್ಚು ಹರಿಯುತ್ತದೆ. ಸ್ವಿಚ್ಚನ್ನು ಒತ್ತಿ ಕೂಡಲೇ ಬಿಡಬೇಕು, ಇಲ್ಲವಾದರೆ ಸೆಲ್ ಬಿಸಿಯಾಗುತ್ತದೆ. ಮಕ್ಕಳು ಗುಂಪು ಗುಂಪಾಗಿ ಬಂದು ಮರಳಿನ ಮೇಲೆ ದಿಕ್ಸೂಚಿ ಸರಿಸುತ್ತಾ ಮುಳ್ಳು ಎಲ್ಲಿ ಅಲುಗಿತೋ ಅಲ್ಲಿ ಬೆಂಕಿಕಡ್ಡಿ ಚುಚ್ಚಿದರು. ಐದಾರು ಕಡ್ಡಿ ಚುಚ್ಚುವ ಹೊತ್ತಿಗೆ ತಂತಿಯ ದಾರಿ ಮರಳಿನ ಮೇಲೆ ಮೂಡಿತು. ಚಮಚದಿಂದ ಕೆದಕಿದರೆ ಕಡ್ಡಿಗಳ ಕೆಳಗೇ ತಂತಿ. ಚಪ್ಪಾಳೆ.

ಲೆಕ್ಕವನ್ನೂ ಮಾಡಿಸಿದೆ. 1 ಆಂಪಿಯರ್ ಹರಿಯುವ ನೇರ ತಂತಿಯಿಂದ ಒಂದೂವರೆ ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ ಸುಮಾರು 13 ಮೈಕ್ರೊಟೆಸ್ಲಾ. ನಮ್ಮೂರಿನಲ್ಲಿ ಭೂಮಿಯ ಕಾಂತಕ್ಷೇತ್ರದ ಸಮತಲ ಭಾಗ ಸುಮಾರು 40. ಹಾಗಾಗಿ ಮುಳ್ಳು 18 ಡಿಗ್ರಿಯಷ್ಟು ತಿರುಗಬೇಕು, ಹೆಚ್ಚುಕಡಿಮೆ ಅಷ್ಟೇ ತಿರುಗಿತು. ದೂರ ಎರಡರಷ್ಟಾದರೆ ಕ್ಷೇತ್ರ ಅರ್ಧ. ಇದು 10ನೇ ತರಗತಿಯ ಪಠ್ಯಕ್ಕಿಂತ ಒಂದು ಹೆಜ್ಜೆ ಮುಂದಿದೆ. ಆದರೂ ಮಕ್ಕಳು ಕಣ್ಣಾರೆ ಕಂಡದ್ದರ ಲೆಕ್ಕವಾದ್ದರಿಂದ ಯಾರೂ ತಡವರಿಸಲಿಲ್ಲ.

ಕೊನೆಗೆ ರಸ್ತೆ ಕೆಲಸದವರು ಬಳಸುವ ಕೇಬಲ್ ಪತ್ತೆ ಉಪಕರಣದ ಚಿತ್ರ ತೋರಿಸಿ, "ಇದೂ ಹೀಗೆಯೇ ಕೆಲಸ ಮಾಡುತ್ತದೆ, ಕೆಳಗೆ ಕೇಬಲ್ ಇದ್ದರೆ ಸದ್ದು ಮಾಡುತ್ತದೆ" ಎಂದೆ. ಮೌಲ್ಯಮಾಪನಕ್ಕೆ ನಾಲ್ಕು ಪ್ರಶ್ನೆ. ಕೊನೆಯದು: ಉಪಕರಣ ಸದ್ದು ಮಾಡದ ಜಾಗದಲ್ಲಿ ಅಗೆಯಬಹುದೇ? ಮೂರ್ನಾಲ್ಕು ಜನರನ್ನು ಬಿಟ್ಟು ಎಲ್ಲರೂ ಬರೆದದ್ದು ಒಂದೇ: ಹೌದು, ಅಗೆಯಬಹುದು, ಏಕೆಂದರೆ ಅಲ್ಲಿ ಏನೂ ಇರುವುದಿಲ್ಲ.

ನಾನು ಅದಕ್ಕೆ ಸರಿ ಗುರುತು ಹಾಕುವವಳಿದ್ದೆ. ಗಂಟೆ ಬಾರಿಸಿದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಬಂದ. ಅವನ ತಂದೆ ಕೆಂಗೇರಿ ಕಡೆ ಜೆಸಿಬಿ ಓಡಿಸುತ್ತಾರೆ. "ಮಿಸ್, ಅಪ್ಪನಿಗೆ ಒಂದು ದಿಕ್ಸೂಚಿ ಕೊಡಿಸಿದರೆ ಸಾಕಾ?" ಅಂದ. ತಮಾಷೆಗೆ ಕೇಳಿದ್ದಲ್ಲ. ಬೆಲೆ ಎಷ್ಟು ಎಂದೂ ಕೇಳಿದ.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಎರಡೇ ವಾಕ್ಯ: "ಪಾಠ ಚೆನ್ನಾಗಿತ್ತು. ಮಕ್ಕಳು ಕಲಿತದ್ದು ಅಪಾಯಕಾರಿ."

ತಪ್ಪು ಎಲ್ಲಿತ್ತು

ಆ ಸಂಜೆ ತಟ್ಟೆಯನ್ನು ಮತ್ತೆ ಇಟ್ಟು ನೋಡಿದೆ. ಮೇಜಿನ ಮೇಲೆ ಜಾಗ ಸಾಲದೆ ತಟ್ಟೆಯನ್ನು ಅಡ್ಡ ತಿರುಗಿಸಿದ್ದೆ. ಸ್ವಿಚ್ ಒತ್ತಿದರೆ ಮುಳ್ಳು ಅಲುಗಲಿಲ್ಲ. ಸೆಲ್ ಮುಗಿದಿದೆ ಎಂದುಕೊಂಡು ಬದಲಿಸಿದೆ, ಆಗಲೂ ಇಲ್ಲ. ತಂತಿ ಮುರಿದಿದೆಯೇ ಎಂದು ಮರಳು ಕೆದಕಿದೆ, ಮುರಿದಿರಲಿಲ್ಲ. ಕಾಲು ಗಂಟೆ ಕಳೆದ ಮೇಲೆ ಅರ್ಥವಾಯಿತು. ಬೆಳಿಗ್ಗೆ ತಂತಿ ಉತ್ತರ ದಕ್ಷಿಣವಾಗಿತ್ತು, ಆಗ ಅದರ ಮೇಲಿನ ಕಾಂತಕ್ಷೇತ್ರ ಪೂರ್ವ ಪಶ್ಚಿಮವಾಗಿ ಬಂದು ಮುಳ್ಳನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಈಗ ತಂತಿ ಪೂರ್ವ ಪಶ್ಚಿಮ. ಬಲಗೈ ಹೆಬ್ಬೆರಳ ನಿಯಮದಂತೆ ಕ್ಷೇತ್ರ ಉತ್ತರ ದಕ್ಷಿಣವಾಗಿ, ಮುಳ್ಳು ನಿಂತಿರುವ ದಿಕ್ಕಿನಲ್ಲೇ ಇದೆ. ತಳ್ಳಲು ಏನೂ ಉಳಿದಿಲ್ಲ. ತಂತಿ ಇದೆ, ಪ್ರವಾಹ ಇದೆ, ಕ್ಷೇತ್ರ ಇದೆ, ಮುಳ್ಳು ಮಾತ್ರ ಸುಮ್ಮನಿದೆ.

ಬೆಳಿಗ್ಗೆ ತಟ್ಟೆಯನ್ನು ಅಡ್ಡ ಇಟ್ಟಿದ್ದರೆ ಇಡೀ ತರಗತಿಯ ಮುಂದೆ ನನ್ನ ಪ್ರಯೋಗ ಕೆಡುತ್ತಿತ್ತು. ಕೆಟ್ಟಿದ್ದರೆ ಒಳ್ಳೆಯದಿತ್ತು. ನಾನು ಮಕ್ಕಳಿಗೆ ಉಪಕರಣ ಗೆಲ್ಲುವುದನ್ನು ಮಾತ್ರ ತೋರಿಸಿದ್ದೆ, ಸೋಲುವುದನ್ನು ತೋರಿಸಿರಲಿಲ್ಲ. ಅಗೆಯುವವನ ಕೈಕಾಲು ಸುಡುವುದು ಉಪಕರಣ ಸದ್ದು ಮಾಡಿದ ಜಾಗದಲ್ಲಲ್ಲ. ಸದ್ದು ಬಂದ ಕಡೆ ಯಾರಾದರೂ ಹುಷಾರಾಗಿರುತ್ತಾರೆ.

ಎರಡನೇ ಅವಧಿ

ಈ ಸಲ ಐದು ತಟ್ಟೆ. ಎಲ್ಲಕ್ಕೂ ಒಂದೇ ಮಟ್ಟದ ಮರಳು. ಎಲ್ಲದರಿಂದಲೂ ಎರಡೆರಡು ತಂತಿ ಹೊರಬಂದು ರಟ್ಟಿನ ಡಬ್ಬಿಯೊಳಗೆ ಹೋಗುತ್ತವೆ, ಹಾಗಾಗಿ ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದೊಂದು ಗುಂಪು ಒಂದೊಂದು ತಟ್ಟೆಯನ್ನು ಪರೀಕ್ಷಿಸಿ, "ಅಗೆಯಬಹುದು" ಅಥವಾ "ಅಗೆಯಬಾರದು" ಎಂದು ಚೀಟಿಯಲ್ಲಿ ಬರೆದು ತಟ್ಟೆಯ ಮೇಲೆ ಇಡಬೇಕು. ಮೊದಲ ತಟ್ಟೆಯಲ್ಲಿ ಮುಳ್ಳು ಅಲುಗಿತು: ಅಗೆಯಬಾರದು. ಉಳಿದ ನಾಲ್ಕರಲ್ಲಿ ಅಲುಗಲಿಲ್ಲ: ಅಗೆಯಬಹುದು. ಸರಿ, ಅಗೆಯಿರಿ ಎಂದೆ. ಚಮಚ ಹಾಕಿದರೆ ನಾಲ್ಕರಲ್ಲೂ ಏನೋ ಇತ್ತು. ತರಗತಿ ಒಂದು ಕ್ಷಣ ಸದ್ದಿಲ್ಲದೆ ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು, "ಮೋಸ ಮಿಸ್" ಎಂಬುದೂ ಕೇಳಿತು.

ಎರಡನೇ ತಟ್ಟೆಯಲ್ಲಿ ತಂತಿ ಇತ್ತು, ಡಬ್ಬಿಯೊಳಗೆ ಸ್ವಿಚ್ ತೆರೆದೇ ಇತ್ತು. ಪ್ರವಾಹವಿಲ್ಲ, ಆದ್ದರಿಂದ ಕಾಂತಕ್ಷೇತ್ರವಿಲ್ಲ. ಬೀದಿಯಲ್ಲಿ ಇದಕ್ಕೆ ಸಮನಾದದ್ದು ಯಾವುದು ಎಂದು ಕೇಳಿದಾಗ ಒಬ್ಬಳು ಬೀದಿದೀಪ ಎಂದಳು. ಹಗಲಲ್ಲಿ ಬೀದಿದೀಪದ ಕೇಬಲ್ಲಿನಲ್ಲಿ ಪ್ರವಾಹ ಇರುವುದಿಲ್ಲ, ರಸ್ತೆ ಅಗೆಯುವುದು ಹಗಲಲ್ಲೇ. ಇಲ್ಲಿ ಇನ್ನೊಂದು ತಪ್ಪು ಕಲ್ಪನೆ ಬಯಲಾಯಿತು: "ಕರೆಂಟ್ ಹರಿಯುತ್ತಿಲ್ಲ ಅಂದರೆ ಮುಟ್ಟಬಹುದು." ಬಿಗಿಯಾಗಿ ಮುಚ್ಚಿದ ನಲ್ಲಿಯಿಂದ ನೀರು ಹರಿಯುವುದಿಲ್ಲ, ಹಾಗೆಂದು ಕೊಳವೆ ಖಾಲಿಯೇ? ರಾತ್ರಿ ಬೀಗ ಹಾಕಿದ ಅಂಗಡಿಗೆ ಹೋಗುವ ಕೇಬಲ್ಲಿನಲ್ಲಿ ಪ್ರವಾಹ ಇಲ್ಲದಿರಬಹುದು, ವಿಭವಾಂತರ ಪೂರ್ತಿ ಇರುತ್ತದೆ. ಹಾರೆ ತಗುಲಿದ ಕ್ಷಣ ಹಾರೆ ಹಿಡಿದವನೇ ದಾರಿಯಾಗುತ್ತಾನೆ. ಇದನ್ನು ನಾನು ಎರಡು ಸಲ ಹೇಳಿದೆ, ಮೂರನೆಯ ಸಲ ಅವರಿಂದಲೇ ಹೇಳಿಸಿದೆ.

ಮೂರನೇ ತಟ್ಟೆಯಲ್ಲಿ ಹೋಗುವ ತಂತಿ, ಬರುವ ತಂತಿ ಎರಡನ್ನೂ ಹೆಣೆದು ಹೂತಿದ್ದೆ. ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ. ಹೆಣಿಗೆ ಬಿಚ್ಚಿ ತಂತಿಗಳನ್ನು ದೂರ ಸರಿಸಿದರೆ ಮುಳ್ಳು ಮತ್ತೆ ಅಲುಗುತ್ತದೆ. ಐದು ತಟ್ಟೆಗಳಲ್ಲಿ ಮಕ್ಕಳನ್ನು ಹೆಚ್ಚು ಬೆರಗುಗೊಳಿಸಿದ್ದು ಇದೇ, ಹತ್ತು ಸಲ ಬಿಚ್ಚಿ ಹೆಣೆದರು. ನಿಜವಾದ ಕೇಬಲ್ಲಿನಲ್ಲಿ ಮೂರು ಫೇಸ್‌ಗಳು ಒಂದೇ ಹೊದಿಕೆಯೊಳಗೆ ಇರುತ್ತವೆ. ಮೂರರ ಹೊರೆ ಸಮವಾದಷ್ಟೂ ಹೊರಗೆ ಕಾಣುವ ಕ್ಷೇತ್ರ ಕಡಿಮೆ. ಕಾರ್ಖಾನೆಗೆ ಹೋಗುವ ಭಾರೀ ಕೇಬಲ್ ಮನೆಯ ಸಣ್ಣ ಕೇಬಲ್ಲಿಗಿಂತ ಮೆಲ್ಲಗೆ ಸದ್ದು ಮಾಡಬಹುದು. ಸದ್ದು ಸಣ್ಣದೆಂದು ಅಪಾಯ ಸಣ್ಣದಲ್ಲ.

ನಾಲ್ಕನೆಯದು ನನ್ನನ್ನು ಸೋಲಿಸಿದ ಅಡ್ಡ ತಂತಿ. ನಿಜವಾದ ಉಪಕರಣದೊಳಗೆ ಮುಳ್ಳಿನ ಬದಲು ತಂತಿಯ ಸುರುಳಿ ಇರುತ್ತದೆ, ಅದಕ್ಕೂ ಇದೇ ಸ್ವಭಾವ. ಸುರುಳಿ ಕೇಬಲ್ಲಿಗೆ ಒಂದು ಭಂಗಿಯಲ್ಲಿದ್ದರೆ ಜೋರು ಸದ್ದು, ಕಾಲು ಸುತ್ತು ತಿರುಗಿಸಿದರೆ ಸದ್ದಿಲ್ಲ. ಅದಕ್ಕೇ ಬಲ್ಲವರು ಜಾಗವನ್ನು ಒಂದು ಸಲ ಉದ್ದಕ್ಕೆ, ಇನ್ನೊಂದು ಸಲ ಅಡ್ಡಕ್ಕೆ, ಚೌಕಬಾರದ ಮನೆಗಳ ಹಾಗೆ ನಡೆದು ನೋಡುತ್ತಾರೆ. ಒಂದೇ ದಿಕ್ಕಿನಲ್ಲಿ ನಡೆದವರಿಗೆ ಅರ್ಧ ಮಾತ್ರ ಸಿಗುತ್ತದೆ.

ಐದನೆಯದು ಹನಿ ನೀರಾವರಿಯ ಒಂದು ತುಂಡು ಪ್ಲಾಸ್ಟಿಕ್ ಕೊಳವೆ. ಇದರ ಬಗ್ಗೆ ಭೌತಶಾಸ್ತ್ರ ಹೇಳಬೇಕಾದದ್ದು ಬಹಳ ಇಲ್ಲ: ಪ್ಲಾಸ್ಟಿಕ್ಕಿನಲ್ಲಿ ಪ್ರವಾಹ ಹರಿಯದು, ಉಪಕರಣಕ್ಕೆ ಅದು ಕಾಣದು. ಆದರೆ ಬೀದಿಯಲ್ಲಿ ಅತಿ ಹೆಚ್ಚು ಹೆದರಬೇಕಾದ್ದು ಇದಕ್ಕೇ, ಏಕೆಂದರೆ ನಗರದ ಅಡುಗೆ ಅನಿಲ ಮನೆಗಳತ್ತ ಬರುವುದು ಹಳದಿ ಅಥವಾ ಕಿತ್ತಳೆ ಬಣ್ಣದ ಪಾಲಿಎಥಿಲೀನ್ ಕೊಳವೆಯಲ್ಲಿ. ಲೋಹವಿಲ್ಲದ ಫೈಬರ್ ಕೇಬಲ್ ಬರೀ ಗಾಜು ಮತ್ತು ಪ್ಲಾಸ್ಟಿಕ್. ಕೊಳವೆಯ ಜೊತೆ ಒಂದು ಲೋಹದ ತಂತಿಯನ್ನು ಹೂತಿದ್ದರೆ ಅದರ ಮೂಲಕ ಹುಡುಕಬಹುದು. ಹೂತಿಲ್ಲದಿದ್ದರೆ ನೆಲದೊಳಗೆ ರೇಡಿಯೊ ಅಲೆ ಕಳಿಸಿ ಪ್ರತಿಧ್ವನಿ ನೋಡುವ ರೇಡಾರ್ ಬೇಕು. ಅದಕ್ಕೂ ಒದ್ದೆ ಜೇಡಿಮಣ್ಣಿನಲ್ಲಿ ಕಣ್ಣು ಮಂಜು.

ದಿಕ್ಸೂಚಿಯ ಪ್ರಶ್ನೆಗೆ ಉತ್ತರ

ಹುಡುಗನ ಪ್ರಶ್ನೆಯನ್ನು ನಾನು ಅವನ ಒಪ್ಪಿಗೆ ಪಡೆದು ತರಗತಿಯ ಮುಂದಿಟ್ಟೆ. ದಿಕ್ಸೂಚಿ ಸಾಕೇ? ಸಾಲದು, ಅದಕ್ಕೆ ಎರಡು ಕಾರಣ. ನಮ್ಮ ತಟ್ಟೆಯಲ್ಲಿ ಸೆಲ್ಲಿನ ನೇರ ಪ್ರವಾಹ. ರಸ್ತೆಯ ಕೇಬಲ್ಲಿನಲ್ಲಿ ಸೆಕೆಂಡಿಗೆ 50 ಆವರ್ತ ಹಿಂದುಮುಂದಾಗುವ ಪರ್ಯಾಯ ಪ್ರವಾಹ, ಮುಳ್ಳು ಅತ್ತ ತಿರುಗುವ ಮೊದಲೇ ಇತ್ತ ಎಳೆಯುತ್ತದೆ, ನಿಂತಲ್ಲೇ ನಿಲ್ಲುತ್ತದೆ. ಇನ್ನು ದೂರ: 1 ಆಂಪಿಯರಿನ ಕ್ಷೇತ್ರ 75 ಸೆಂಟಿಮೀಟರ್ ಮೇಲೆ 0.27 ಮೈಕ್ರೊಟೆಸ್ಲಾಗಿಂತ ಹೆಚ್ಚಿರುವುದಿಲ್ಲ, ಭೂಮಿಯ ಕ್ಷೇತ್ರದ ನೂರೈವತ್ತರಲ್ಲಿ ಒಂದು ಪಾಲು. ಈ ಲೆಕ್ಕವನ್ನು ಆ ಹುಡುಗನೇ ಕಪ್ಪುಹಲಗೆಯಲ್ಲಿ ಮಾಡಿದ.

ಸುರುಳಿಗೆ ಈ ಹಿಂದುಮುಂದಾಗುವಿಕೆಯೇ ಬಂಡವಾಳ. ಬದಲಾಗುವ ಕಾಂತಕ್ಷೇತ್ರ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ ಎಂದು ಫ್ಯಾರಡೆ ತೋರಿಸಿದ್ದು 1831ರಲ್ಲಿ. ಉಪಕರಣ ಮೂರು ಬಗೆಯಲ್ಲಿ ಆಲಿಸುತ್ತದೆ. ಒಂದು, ಹರಿಯುತ್ತಿರುವ ವಿದ್ಯುತ್ತಿನ 50 ಹರ್ಟ್ಸ್ ಗುಂಯ್ ಶಬ್ದ. ಎರಡು, ದೂರದ ಪ್ರಬಲ ರೇಡಿಯೊ ಕೇಂದ್ರಗಳ ಅಲೆ ಉದ್ದನೆಯ ಲೋಹದ ಕೊಳವೆ, ಕೇಬಲ್‌ಗಳಲ್ಲಿ ಹುಟ್ಟಿಸುವ ಸಣ್ಣ ಪ್ರವಾಹ. ಇದರಿಂದ ವಿದ್ಯುತ್ತೇ ಇಲ್ಲದ ಕಬ್ಬಿಣದ ಕೊಳವೆಯೂ ಸಿಗಬಹುದು. ಮೂರು, ಜೊತೆಗಿರುವ ಇನ್ನೊಂದು ಪೆಟ್ಟಿಗೆಯಿಂದ ನಾವೇ ಆ ಸಾಲಿಗೆ ತುಂಬುವ, ಸಾಮಾನ್ಯವಾಗಿ 33 ಕಿಲೊಹರ್ಟ್ಸ್‌ನ ಸಂಕೇತ. ಎರಡನೇ ತಟ್ಟೆಯಂತೆ ಮಲಗಿರುವ ಕೇಬಲ್ಲನ್ನು ಎಬ್ಬಿಸಿ ಮಾತಾಡಿಸುವುದು ಈ ಮೂರನೆಯ ಬಗೆ. ಒಂದರಲ್ಲಿ ಮಾತ್ರ ನೋಡಿ ಮುಗಿಸುವುದು ನಮ್ಮ ಮೊದಲ ಅವಧಿಯ ತಪ್ಪನ್ನೇ ರಸ್ತೆಯಲ್ಲಿ ಮಾಡಿದಂತೆ.

ಇಲ್ಲದ್ದನ್ನು ಇದೆ ಎನ್ನುವುದೂ ಉಂಟು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟಿನಿಂದ ಮಲಗಿದ್ದಾಗ, ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಲೋಹ ಪತ್ತೆ ಮಾಡುವ ಸಾಧನ ತಂದು ದೇಹದೊಳಗಿನ ಗುಂಡನ್ನು ಹುಡುಕಲು ನೋಡಿದರು. ಹಾಸಿಗೆಯ ಲೋಹದ ಸ್ಪ್ರಿಂಗ್‌ಗಳು ಸಂಕೇತವನ್ನು ಗೊಂದಲಗೊಳಿಸಿದವು, ಗುಂಡು ಸಿಗಲಿಲ್ಲ. ಕಾಂಕ್ರೀಟ್ ರಸ್ತೆಯೊಳಗಿನ ಕಬ್ಬಿಣದ ಸರಳು ಮಾಡುವುದೂ ಅದನ್ನೇ. ಮಕ್ಕಳು ಈ ಕಥೆಯನ್ನು ಬಹಳ ಇಷ್ಟಪಟ್ಟರು.

ತೆಂಗಿನಕಾಯಿಯ ಮಾತು ಬಾರದೆ ಇರಲಿಲ್ಲ. ಅಂಗೈ ಮೇಲೆ ಕಾಯಿ ಇಟ್ಟುಕೊಂಡು ಬೋರ್‌ವೆಲ್ ಜಾಗ ಹೇಳುವವರನ್ನು ಬಹುತೇಕ ಮಕ್ಕಳು ಊರಲ್ಲಿ ನೋಡಿದ್ದಾರೆ. ನಗುವುದು ಬೇಡ, ಪರೀಕ್ಷಿಸೋಣ ಎಂದೆ. ಐದು ಮುಚ್ಚಿದ ಡಬ್ಬಿ, ಒಂದರಲ್ಲಿ ನೀರು, ಇಟ್ಟವರು ಕೋಣೆಯಿಂದ ಹೊರಗೆ. ಫಲಿತಾಂಶ ಊಹಿಸಿದ ಹಾಗೇ ಬಂತು. ಅಂದ ಹಾಗೆ ಈ ನಂಬಿಕೆ ನಮ್ಮದೊಂದೇ ಅಲ್ಲ: ಬ್ರಿಟನ್ನಿನ ಹಲವು ನೀರು ಸರಬರಾಜು ಕಂಪನಿಗಳ ಸಿಬ್ಬಂದಿ ಕೊಳವೆ ಹುಡುಕಲು ಇನ್ನೂ ಬಾಗಿದ ಕಡ್ಡಿ ಹಿಡಿಯುತ್ತಾರೆಂಬುದು 2017ರಲ್ಲಿ ಅಲ್ಲಿ ದೊಡ್ಡ ಸುದ್ದಿಯಾಗಿತ್ತು.

ಹಾಗಾದರೆ ಅಗೆಯುವುದು ಹೇಗೆ

ಉಪಕರಣವನ್ನು ಪೂರ್ತಿ ನಂಬುವಂತಿಲ್ಲ ಎಂದಾದ ಮೇಲೆ ಮಕ್ಕಳೇ ಈ ಪ್ರಶ್ನೆ ಕೇಳಿದರು. ಉತ್ತರವನ್ನು ಬೀದಿಯಲ್ಲೇ ಹುಡುಕಲು ಹೊರಟೆವು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಇಪ್ಪತ್ತು ನಿಮಿಷ, ಕಾಲುದಾರಿಯ ಮೇಲಷ್ಟೇ. ಮುಚ್ಚಳ ಎತ್ತಬಾರದು, ಪೆಟ್ಟಿಗೆ ಮುಟ್ಟಬಾರದು, ಗುಂಡಿಯ ಅಂಚಿಗೆ ಹೋಗಬಾರದು. ಕಣ್ಣಿಗೆ ಕಂಡದ್ದನ್ನೆಲ್ಲ ಬರೆದುಕೊಳ್ಳುವುದು: ನೀರಿನ ವಾಲ್ವಿನ ಚಿಕ್ಕ ಕಬ್ಬಿಣದ ಮುಚ್ಚಳ, ಒಳಚರಂಡಿಯ ದುಂಡು ಮುಚ್ಚಳ, ಟ್ರಾನ್ಸ್‌ಫಾರ್ಮರ್, ವಿದ್ಯುತ್ ಕಂಪನಿಯ ಬೂದು ಪೆಟ್ಟಿಗೆ, ಕಂಬದಿಂದ ಇಳಿದು ನೆಲದೊಳಗೆ ಹೋಗುವ ದಪ್ಪ ಕೇಬಲ್, ಮನೆಯ ಗೋಡೆಗೆ ಬಂದ ಅನಿಲದ ಮೀಟರ್, ಡಾಂಬರಿನಲ್ಲಿ ಬಣ್ಣ ಬೇರೆಯಾಗಿ ಉದ್ದಕ್ಕೆ ಹೋಗುವ ತೇಪೆ. ತೇಪೆ ಎಂದರೆ ಯಾರೋ ಒಮ್ಮೆ ಅಗೆದು ಏನನ್ನೋ ಹೂತಿದ್ದಾರೆ. ಎರಡು ಮುಚ್ಚಳಗಳ ನಡುವೆ ಗೆರೆ ಎಳೆದರೆ ಕೊಳವೆಯ ದಾರಿಯ ಮೊದಲ ಊಹೆ ಸಿಗುತ್ತದೆ. ಊಹೆ ಮಾತ್ರ, ಕೊಳವೆ ನೇರವಾಗಿಯೇ ಹೋಗಬೇಕೆಂದಿಲ್ಲ.

ತರಗತಿಗೆ ಮರಳಿ ಕ್ರಮವನ್ನು ಕಟ್ಟಿದೆವು. ಎಲ್ಲಕ್ಕಿಂತ ಮೊದಲು ಕಾಗದ: ಅಲ್ಲಿ ಏನೇನು ಹೂತಿದೆ ಎಂದು ಅದರ ಒಡೆಯರನ್ನು ಕೇಳುವುದು. ಇದಕ್ಕೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆ ಮಾಡಿತು. ಅಗೆಯುವವರು ಜಾಗ ಗುರುತಿಸಿದರೆ, ಅಲ್ಲಿ ಆಸ್ತಿ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಫೈಬರ್ ಕೇಬಲ್ ತುಂಡಾಗಿ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತದೆ ಎಂದು ಆಗ ಸರ್ಕಾರವೇ ಹೇಳಿತ್ತು. ಅಮೆರಿಕದಲ್ಲಿ 2007ರಿಂದ ಇದಕ್ಕೆ 811 ಎಂಬ ಒಂದೇ ದೂರವಾಣಿ ಸಂಖ್ಯೆ ಇದೆ. ನಕ್ಷೆ ಕೈಗೆ ಬಂದ ಮೇಲೆ ಕಣ್ಣು, ಆಮೇಲೆ ಉಪಕರಣ, ಸಿಕ್ಕಿದ್ದನ್ನು ನೆಲದ ಮೇಲೆ ಬಣ್ಣದಲ್ಲಿ ಗುರುತು ಮಾಡುವುದು. ಅಷ್ಟಾದ ಮೇಲೂ ಯಂತ್ರವಲ್ಲ, ಕೈಯಿಂದ ಒಂದು ಪರೀಕ್ಷಾ ಗುಂಡಿ.

ಕೈಯಿಂದ ಅಗೆಯುವುದಕ್ಕೂ ರೀತಿ ಇದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ 'ಎಚ್‌ಎಸ್‌ಜಿ 47' ಕೈಪಿಡಿ ಹೇಳುವಂತೆ, ಕೇಬಲ್ಲಿನ ನೇರ ಮೇಲಿನಿಂದ ಅಗೆಯದೆ ಪಕ್ಕದಲ್ಲಿ ಇಳಿದು, ಕೊನೆಯ ಭಾಗವನ್ನು ಅಡ್ಡಲಾಗಿ ಬಿಡಿಸಿಕೊಳ್ಳಬೇಕು. ಹಾರೆಯನ್ನು ಮೇಲೆತ್ತಿ ಕುಟ್ಟುವುದು ಅತ್ಯಂತ ಕೆಟ್ಟದ್ದು. ನಮ್ಮಲ್ಲಿ ಹಾರೆಯೇ ಮೊದಲ ಆಯುಧ, ಮಕ್ಕಳು ನಕ್ಕರು. ಭಾರತೀಯ ಮಾನಕ ಐಎಸ್ 1255ರಂತೆ ಕಡಿಮೆ ವೋಲ್ಟೇಜಿನ ಕೇಬಲ್ 75 ಸೆಂಟಿಮೀಟರ್, 11 ಕಿಲೊವೋಲ್ಟ್‌ವರೆಗಿನದು 90, 33 ಕಿಲೊವೋಲ್ಟಿನದು 105 ಸೆಂಟಿಮೀಟರ್ ಆಳದಲ್ಲಿರಬೇಕು. ಇದನ್ನು ಹಲಗೆಯ ಮೇಲೆ ಬರೆದು ಕೂಡಲೇ ಒಂದು ಎಚ್ಚರಿಕೆಯನ್ನೂ ಬರೆದೆ: ಇದು ಹೂತ ದಿನದ ಆಳ. ರಸ್ತೆಯನ್ನು ಆಮೇಲೆ ಕೆರೆದು ತಗ್ಗಿಸಿದ್ದರೆ ಆಳ ಕಡಿಮೆಯಾಗಿರುತ್ತದೆ, ಡಾಂಬರು ಮೇಲೆ ಮೇಲೆ ಬಿದ್ದಿದ್ದರೆ ಹೆಚ್ಚು. ಹೆಚ್ಚು ಉಪಯೋಗದ ಗುರುತು ಬೇರೆ ಇದೆ. ಕೇಬಲ್ಲಿನ ಮೇಲೆ ಮರಳು ಹಾಸಿ, ಅದರ ಮೇಲೆ ಇಟ್ಟಿಗೆ ಅಥವಾ ಹೆಂಚು ಮುಚ್ಚುವುದು ವಾಡಿಕೆ. ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿಯೂ ಇರಬಹುದು. ಕೆಮ್ಮಣ್ಣು ಅಗೆಯುತ್ತಿರುವಾಗ ಇದ್ದಕ್ಕಿದ್ದಂತೆ ನದಿಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ ಸಿಕ್ಕಿತೆಂದರೆ ಅದು ಹಳೆಯ ಮನೆಯ ಪಾಯವಲ್ಲ, ಕೈ ನಿಲ್ಲಿಸಬೇಕು. ಇದನ್ನು ಹೇಳಿದಾಗ ಜೆಸಿಬಿ ಹುಡುಗ, "ಅಪ್ಪ ಇಟ್ಟಿಗೆ ಸಿಕ್ಕರೆ ಪಕ್ಕಕ್ಕೆ ಎತ್ತಿಡ್ತಾರೆ ಮಿಸ್, ಚೆನ್ನಾಗಿರ್ತವೆ" ಎಂದ. ನಾನು ಹೇಳಿದ ಎಲ್ಲಕ್ಕಿಂತ ಆ ಮಾತು ತರಗತಿಗೆ ಹೆಚ್ಚು ತಾಕಿತು.

ಪೆಟ್ಟು ಬಿದ್ದುಬಿಟ್ಟರೆ? ಕೇಬಲ್ಲಾದರೆ ಯಾರೂ ಹತ್ತಿರ ಹೋಗದೆ 1912ಕ್ಕೆ ಕರೆ, ನೀರಾದರೆ 1916. ಯಂತ್ರದ ಚಾಲಕ ಸುಮ್ಮನೆ ಕೂತಿರಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದ ಹಾಗೆ ಎರಡೂ ಕಾಲು ಜೋಡಿಸಿ ಹಾರಬೇಕು. ಅನಿಲದ ವಾಸನೆ ಬಂದರೆ ಯಂತ್ರ ಆರಿಸಿ, ಬೆಂಕಿ, ಸ್ವಿಚ್, ಮೊಬೈಲ್ ಯಾವುದನ್ನೂ ಅಲ್ಲಿ ಮುಟ್ಟದೆ, ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಹೋಗಿ, ಅಲ್ಲಿಂದ ಕರೆ ಮಾಡಬೇಕು. ಇದೇ ನಗರದ ಎಚ್.ಎಸ್.ಆರ್. ಬಡಾವಣೆಯಲ್ಲಿ 2023ರ ಮಾರ್ಚ್‌ನಲ್ಲಿ ರಸ್ತೆ ಅಗೆಯುವಾಗ ಅನಿಲ ಕೊಳವೆಗೆ ಹಾನಿಯಾಗಿ ಸ್ಫೋಟವಾಯಿತು, ಜನ ಗಾಯಗೊಂಡರು.

ಸಣ್ಣ ಗೀರೇ ಆಗಿದ್ದರೆ ಮಣ್ಣು ಮುಚ್ಚಿ ಸುಮ್ಮನಾಗುವುದು ಮನುಷ್ಯ ಸಹಜ. ಬೈಗುಳ ಯಾರಿಗೆ ಬೇಕು? ಬೆಲ್ಜಿಯಂನ ಗಿಲೆಂಗಿಯೆನ್‌ನಲ್ಲಿ 2004ರ ಜುಲೈ 30ರಂದು ನೆಲದಡಿಯ ದೊಡ್ಡ ಅನಿಲ ಕೊಳವೆ ಸಿಡಿದು 24 ಜನ ಸತ್ತರು. ಕೊಳವೆಗೆ ಯಂತ್ರದ ಪೆಟ್ಟು ಬಿದ್ದದ್ದು ಅದಕ್ಕೂ ಮುಂಚಿನ ಮಣ್ಣಿನ ಕೆಲಸದಲ್ಲಿ. ಅಂದು ಏನೂ ಆಗಿರಲಿಲ್ಲ. ಕೊಳವೆಯೊಳಗಿನ ಒತ್ತಡ ಏರಿದ ದಿನ ಆಯಿತು.

ಮೌಲ್ಯಮಾಪನ ಮತ್ತು ಮುಂದಿನವರಿಗೆ

ಮೊದಲ ಅವಧಿಯ ಕೊನೆಯ ಪ್ರಶ್ನೆಯನ್ನೇ ಮತ್ತೆ ಕೊಟ್ಟೆ. "ಅಗೆಯಬಹುದು" ಎಂದು ಬರೆದವರು ಯಾರೂ ಇರಲಿಲ್ಲ. ಆದರೆ ಅದರಿಂದ ನನಗೆ ಪೂರ್ತಿ ತೃಪ್ತಿಯಾಗಲಿಲ್ಲ, ಮಿಸ್ಸಿಗೆ ಯಾವ ಉತ್ತರ ಬೇಕೆಂದು ಅಷ್ಟೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಮನೆಗೆಲಸದಿಂದ ಹೆಚ್ಚು ತಿಳಿಯಿತು. ಪ್ರತಿಯೊಬ್ಬರೂ ತಮ್ಮ ಮನೆ ಮುಂದಿನ ರಸ್ತೆಯ ನಕ್ಷೆ ಬರೆದು, ಕಂಡ ಗುರುತುಗಳನ್ನು ಹಾಕಿ, ಕೊಳವೆ ಮತ್ತು ಕೇಬಲ್ ಹೋಗುವ ದಾರಿಯನ್ನು ಚುಕ್ಕೆಗೆರೆಯಲ್ಲಿ ತೋರಿಸಬೇಕಿತ್ತು. ಬಸವೇಶ್ವರನಗರದ ಒಬ್ಬಳು ಅಜ್ಜಿಯನ್ನು ಕೇಳಿ, ಈಗ ಮುಚ್ಚಳವೂ ಉಳಿದಿಲ್ಲದ ಹಳೆಯ ಬೀದಿ ನಲ್ಲಿಯ ಜಾಗವನ್ನು ಗುರುತಿಸಿದ್ದಳು. ಜೆಸಿಬಿ ಹುಡುಗ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದಿದ್ದ. ಅವನ ನಕ್ಷೆಯಲ್ಲಿ ಅರ್ಧ ರಸ್ತೆಗೆ ಬರೀ ಪ್ರಶ್ನೆ ಚಿಹ್ನೆ. ಕೆಳಗೆ ತಂದೆಯ ಅಕ್ಷರದಲ್ಲಿ, ಇಲ್ಲಿ ಹೋದ ವರ್ಷ ಇಟ್ಟಿಗೆ ಸಿಕ್ಕಿತ್ತು, ಎಂದಿತ್ತು.

ಇದೇ ಪಾಠ ಮಾಡುವವರಿಗೆ ಕೆಲವು ಮಾತು. ಯಾವ ಕಾರಣಕ್ಕೂ ಮನೆಯ ವಿದ್ಯುತ್ತಿನಿಂದ ಪ್ರಯೋಗ ಬೇಡ, ಸೆಲ್ ಸಾಕು. ಮೇಜು ಕಬ್ಬಿಣದ್ದಾಗಿದ್ದರೆ ದಿಕ್ಸೂಚಿ ಸುಳ್ಳು ಹೇಳುತ್ತದೆ, ಮರದ ಮೇಜು ಹುಡುಕಿ, ಮಕ್ಕಳ ಮೊಬೈಲ್ ದೂರವಿಡಿಸಿ. ತಟ್ಟೆಯ ಅಂಚಿನಲ್ಲಿ ಉತ್ತರ ದಿಕ್ಕಿನ ಗುರುತು ಹಾಕಿಕೊಳ್ಳಿ, ಆದರೆ ಅದು ಏಕೆ ಎಂದು ನಾಲ್ಕನೇ ತಟ್ಟೆ ಅಗೆಯುವವರೆಗೆ ಮಕ್ಕಳಿಗೆ ಹೇಳಬೇಡಿ. ಐದು ತಟ್ಟೆಗೆ ಒಂದು ಅವಧಿ ಸಾಲದು, ನನಗೆ ಮಾರನೆಯ ದಿನದ ಆಟದ ಅವಧಿಯಿಂದ ಹದಿನೈದು ನಿಮಿಷ ಬೇಡಿ ಪಡೆಯಬೇಕಾಯಿತು. ಮರಳು ಒಣಗಿರಲಿ.